ಒಂದು ಬಿಪಿ ಮಾತ್ರೆ, ಅದರೊಳಗೆ ಎರಡು ಔಷಧಿ, ಜೊತೆಗೆ ಮಂಡಿನೋವಿನ ಗುಳಿಗೆ: ಒಂದು ಪ್ರಕರಣ ಅಧ್ಯಯನ

ಏಪ್ರಿಲ್ ತಿಂಗಳ ಕೊನೆಯ ವಾರದ ಒಂದು ಬೆಳಿಗ್ಗೆ, ತಿಪಟೂರು ಕಡೆಯ ತೆಂಗಿನ ಸೀಮೆಯ ಹಳ್ಳಿಯಿಂದ 64 ವರ್ಷದ ಮಹಿಳೆಯೊಬ್ಬರನ್ನು ಅವರ ಮಗ ಆಟೋದಲ್ಲಿ ಮಲಗಿಸಿಕೊಂಡು ನಮ್ಮ ಆಸ್ಪತ್ರೆಗೆ ಕರೆತಂದರು. ಊರಹಬ್ಬ ಮುಗಿದ ಮರುದಿನದಿಂದ ಮೂರು ದಿನ ಭೇದಿ, ಎರಡು ದಿನದಿಂದ ವಾಂತಿ, ಹಿಂದಿನ ರಾತ್ರಿಯಿಂದ ಎದ್ದು ನಿಲ್ಲಲಾಗದಷ್ಟು ಸುಸ್ತು. ರಕ್ತದೊತ್ತಡ 92/58, ನಾಡಿ ನಿಮಿಷಕ್ಕೆ 104, ನಾಲಿಗೆ ಒಣಗಿತ್ತು, ಮುಂಗೈ ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ಹಾಗೆಯೇ ನಿಲ್ಲುತ್ತಿತ್ತು. ಮೂತ್ರ ಹೋಗಿದ್ದು ಯಾವಾಗ ಎಂದು ಕೇಳಿದಾಗ ನಿನ್ನೆ ಮಧ್ಯಾಹ್ನ ಸ್ವಲ್ಪ ಎಂದರು. ಬೇಸಿಗೆಯಲ್ಲಿ ಇಂಥ ರೋಗಿಗಳು ವಾರಕ್ಕೆ ನಾಲ್ಕಾರು ಜನ ಬರುತ್ತಾರೆ. ಎರಡು ಬಾಟಲಿ ಸಲೈನ್ ಹಾಕಿದರೆ ಸಂಜೆಗೆ ಎದ್ದು ಕೂರುತ್ತಾರೆ ಎಂಬ ಎಣಿಕೆಯಲ್ಲಿಯೇ ನಾನೂ ಇದ್ದೆ.

ಆ ಎಣಿಕೆಯನ್ನು ತಪ್ಪಿಸಿದ್ದು ಇಸಿಜಿ. ಎದೆಯ ಮುಂಭಾಗದ ಲೀಡುಗಳಲ್ಲಿ ಟಿ ಅಲೆಗಳು ಡೇರೆಯಂತೆ ಚೂಪಾಗಿ ಎದ್ದು ನಿಂತಿದ್ದವು, ರಕ್ತದಲ್ಲಿ ಪೊಟ್ಯಾಷಿಯಂ ಅಪಾಯದ ಮಟ್ಟಕ್ಕೆ ಏರಿರುವುದರ ಗುರುತು. ರಕ್ತದ ವರದಿ ಬರಲು ಮುಕ್ಕಾಲು ಗಂಟೆ ಹಿಡಿಯಿತು: ಪೊಟ್ಯಾಷಿಯಂ 6.6, ಸೋಡಿಯಂ 128, ಬೈಕಾರ್ಬನೇಟ್ 16, ಯೂರಿಯಾ 118, ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಶ್ಮಲವಾದ ಕ್ರಿಯಾಟಿನಿನ್ 3.6. ಹನ್ನೊಂದು ತಿಂಗಳ ಹಿಂದೆ ನಮ್ಮಲ್ಲಿಯೇ ಮಾಡಿಸಿದ್ದ ಕ್ರಿಯಾಟಿನಿನ್ 0.9 ಇತ್ತು, ವಯಸ್ಸಿಗೆ ಹೊಂದಿಸಿ ಲೆಕ್ಕ ಹಾಕಿದರೆ ಮೂತ್ರಪಿಂಡದ ಸೋಸುವ ಶಕ್ತಿ ನಿಮಿಷಕ್ಕೆ 71 ಮಿ.ಲೀ. ಆಸುಪಾಸು, ಅಂದರೆ ಆ ವಯಸ್ಸಿಗೆ ಗಾಬರಿಪಡುವಂಥದ್ದೇನೂ ಅಲ್ಲ. ಈಗ ಅದು ನಾಲ್ಕು ಪಟ್ಟಾಗಿತ್ತು. ಮೂಲ ಮಟ್ಟದ ಮೂರು ಪಟ್ಟು ದಾಟಿದರೆ ಹಠಾತ್ ಮೂತ್ರಪಿಂಡ ಹಾನಿಯ ಮೂರನೆಯ, ಎಂದರೆ ಅತಿ ತೀವ್ರವಾದ ಹಂತ. ಮೂರು ದಿನದ ಭೇದಿಯೊಂದೇ ಆರೋಗ್ಯವಂತ ಮೂತ್ರಪಿಂಡವನ್ನು ಇಷ್ಟು ಕೆಳಗೆ ತಳ್ಳುವುದು ಅಪರೂಪ. ರೋಗಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ಔಷಧಿಗಳ ಸರಣಿಯನ್ನು ಬದಲಿಸಿಲ್ಲ, ಏಕೆಂದರೆ ಬರೆಯುತ್ತಿರುವುದೇ ಅದರ ಸಲುವಾಗಿ.

ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಸ್ಪಷ್ಟವಾಗಿತ್ತು. "ಬಿಪಿದು ಒಂದು, ಶುಗರ್‌ದು ಎರಡು, ಅಷ್ಟೇ ಸಾರ್. ಬೇರೇನೂ ನುಂಗಲ್ಲ." ಪಕ್ಕದಲ್ಲಿ ನಿಂತಿದ್ದ ಮಗ, "ಮಂಡಿನೋವಿಗೆ ಒಂದು ತಗೋತೀಯಲ್ಲಮ್ಮ" ಎಂದು ನೆನಪಿಸಿದಾಗ ಆಕೆ ಮಲಗಿದ್ದಲ್ಲಿಂದಲೇ, "ಅದು ನೋವಿಂದು ಕಣಪ್ಪ, ಕಾಯಿಲೆದಲ್ಲ" ಎಂದರು. ಈ ವಿಂಗಡಣೆ ಆಕೆಯೊಬ್ಬರದಲ್ಲ. ನಮ್ಮ ಕಡೆ ಬಿಪಿ, ಶುಗರ್ ಇತ್ಯಾದಿ "ಕಾಯಿಲೆಯ ಮಾತ್ರೆ"ಗಳನ್ನು ಡಾಕ್ಟರ ಚೀಟಿಯ ಜೊತೆ ಜೋಪಾನವಾಗಿ ಇಡುತ್ತಾರೆ. ನೋವಿನ ಮಾತ್ರೆ ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿರುತ್ತದೆ, ಬೇಕಾದಾಗ ಯಾರು ಬೇಕಾದರೂ ನುಂಗುತ್ತಾರೆ. ಔಷಧಿ ಕೇಳಿದರೆ ಅದು ನೆನಪಿಗೇ ಬರುವುದಿಲ್ಲ.

ಮಗನನ್ನು ಮನೆಗೆ ಕಳುಹಿಸಿ ಇದ್ದಬದ್ದ ಮಾತ್ರೆಗಳನ್ನೆಲ್ಲ ತರಿಸಿದೆವು. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಿಂದ ಹೊರಬಂದ ಸ್ಟ್ರಿಪ್‌ಗಳಲ್ಲಿ ಮೊದಲನೆಯದು ಶುಗರ್‌ನ ಮಾತ್ರೆ ಮೆಟ್‌ಫಾರ್ಮಿನ್ 500 ಮಿ.ಗ್ರಾಂ. ಎರಡನೆಯದರಲ್ಲಿ ಅಸೆಕ್ಲೋಫೆನಾಕ್ 100 ಮಿ.ಗ್ರಾಂ., ಪ್ಯಾರಾಸಿಟಮಾಲ್ 325 ಮಿ.ಗ್ರಾಂ. ಮತ್ತು ಸೆರಾಶಿಯೋಪೆಪ್ಟಿಡೇಸ್ 15 ಮಿ.ಗ್ರಾಂ. ಸೇರಿದ ಮಂಡಿನೋವಿನ ಮಾತ್ರೆ. ಮೂರನೆಯದು ಬಿಪಿ ಮಾತ್ರೆ. ಅದರ ಬ್ರಾಂಡ್ ಹೆಸರಿನ ತುದಿಯಲ್ಲಿ ಒಂದು ಅಕ್ಷರವಿತ್ತು: ‘ಎಚ್’.

ಈ ಅಕ್ಷರದ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು. ನಮ್ಮ ದೇಶದಲ್ಲಿ ಟೆಲ್ಮಿಸಾರ್ಟನ್ ಎಂಬ ಬಿಪಿ ಔಷಧಿ ಇರುವ ಮಾತ್ರೆಗಳ ಹೆಸರಿನ ಕೊನೆಗೆ ‘ಎಚ್’ ಇದ್ದರೆ ಒಳಗೆ ಹೈಡ್ರೋಕ್ಲೋರೋಥಯಾಜೈಡ್ ಎಂಬ ಮೂತ್ರವರ್ಧಕವೂ ಇದೆ ಎಂದರ್ಥ. ‘ಎಎಂ’ ಇದ್ದರೆ ಸಾಮಾನ್ಯವಾಗಿ ಆ್ಯಮ್ಲೋಡಿಪಿನ್ ಎಂಬ ಇನ್ನೊಂದು ಬಿಪಿ ಔಷಧಿ, ‘ಸಿಟಿ’ ಇದ್ದರೆ ಕ್ಲೋರ್ಥಾಲಿಡೋನ್ ಎಂಬ ಇನ್ನೊಂದು ಮೂತ್ರವರ್ಧಕ. ಗಾತ್ರ, ಬಣ್ಣ, ಮುಖ್ಯ ಹೆಸರು ಬಹುತೇಕ ಒಂದೇ ಥರ ಇರುತ್ತವೆ. ರೋಗಿಗೆ ಅದು ಬೆಳಿಗ್ಗೆ ತಿಂಡಿಯಾದ ಮೇಲೆ ನುಂಗುವ ‘ಒಂದು ಬಿಪಿ ಮಾತ್ರೆ’. ಸಂಯುಕ್ತ ಮಾತ್ರೆಗಳ ಗುಣವೂ ಅಲ್ಲಿಯೇ ಇದೆ: ಎರಡು ಡಬ್ಬಿ ನೆನಪಿಡುವ ತಾಪತ್ರಯವಿಲ್ಲದೆ ಜನ ಅವುಗಳನ್ನು ಬಿಡದೆ ತೆಗೆದುಕೊಳ್ಳುತ್ತಾರೆ. ಆ ಕಾರಣಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇಂಥ ಸಂಯುಕ್ತ ಬಿಪಿ ಮಾತ್ರೆಗಳನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಾನು ದಿನವೂ ಅವನ್ನು ಬರೆಯುತ್ತೇನೆ, ಮುಂದೆಯೂ ಬರೆಯುತ್ತೇನೆ. ಆದರೆ ಎಣಿಕೆಯಲ್ಲಿ ಒಂದಾಗಿದ್ದು ಕೆಲಸದಲ್ಲಿ ಎರಡಾಗಿರುವುದನ್ನು ರೋಗಿಯಾಗಲಿ, ಮೆಡಿಕಲ್ ಸ್ಟೋರಿನವರಾಗಲಿ, ಕೆಲವೊಮ್ಮೆ ಬರೆದುಕೊಟ್ಟ ವೈದ್ಯರಾಗಲಿ ಲೆಕ್ಕಕ್ಕೆ ಹಿಡಿಯದೆ ಹೋದಾಗ ಪರಿಸ್ಥಿತಿ ಇಲ್ಲಿಗೆ ಬಂದು ನಿಲ್ಲುತ್ತದೆ.

ಈ ‘ಎಚ್’ ಅನ್ನು ಬರೆದುಕೊಟ್ಟವನು ನಾನೇ. ಆಕೆ ಏಳು ವರ್ಷದಿಂದ ಬರಿಯ ಟೆಲ್ಮಿಸಾರ್ಟನ್ 40 ಮಿ.ಗ್ರಾಂ. ತೆಗೆದುಕೊಳ್ಳುತ್ತಿದ್ದರು, ಒತ್ತಡ ಯಾವಾಗಲೂ 130ರ ಆಜುಬಾಜಿನಲ್ಲಿರುತ್ತಿತ್ತು. ಏಪ್ರಿಲ್ ಮೊದಲ ವಾರದಲ್ಲಿ ಬಂದಾಗ 164/96 ಇತ್ತು, ಹತ್ತು ನಿಮಿಷ ಕೂರಿಸಿ ನೋಡಿದಾಗಲೂ ಅಷ್ಟೇ. ಉಪ್ಪಿನಕಾಯಿ ಹೆಚ್ಚಾಯಿತೇ, ಮಾತ್ರೆ ತಪ್ಪಿತೇ, ನಿದ್ದೆ ಬರುತ್ತಿದೆಯೇ ಎಂದೆಲ್ಲ ಕೇಳಿದೆ. ನೋವಿನ ಮಾತ್ರೆ ನುಂಗುತ್ತಿದ್ದೀರಾ ಎಂದು ಕೇಳಲಿಲ್ಲ. ಟೆಲ್ಮಿಸಾರ್ಟನ್ 40 ಜೊತೆಗೆ ಹೈಡ್ರೋಕ್ಲೋರೋಥಯಾಜೈಡ್ 12.5 ಇರುವ ಮಾತ್ರೆಗೆ ಬದಲಾಯಿಸಿ, ಒಂದು ತಿಂಗಳಿಗೆ ಬರೆದುಕೊಟ್ಟು, "ಒಂದು ದಿನವೂ ತಪ್ಪಿಸಬೇಡಿ" ಎಂದು ಹೇಳಿ ಕಳುಹಿಸಿದೆ.

ಈಗ ಕೂತು ಕೇಳಿದಾಗ ತಿಳಿದದ್ದು ಇಷ್ಟು. ಫೆಬ್ರವರಿಯಿಂದ ಮಂಡಿನೋವು ಹೆಚ್ಚಾಗಿತ್ತು. ಹಿಂದಿನ ವರ್ಷ ಮೂಳೆ ವೈದ್ಯರೊಬ್ಬರು ಐದು ದಿನಕ್ಕೆಂದು ಬರೆದುಕೊಟ್ಟಿದ್ದ ನೋವಿನ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನೇ ಅಂಗಡಿಯಲ್ಲಿ ತೋರಿಸಿ ಮತ್ತೆ ಮತ್ತೆ ಕೊಂಡು, ಎರಡು ತಿಂಗಳಿಂದ ದಿನಕ್ಕೆ ಎರಡರಂತೆ ನುಂಗುತ್ತಿದ್ದರು. ಅಸೆಕ್ಲೋಫೆನಾಕ್‌ನಂಥ, ಸ್ಟೆರಾಯ್ಡ್ ಅಲ್ಲದ ಉರಿಯೂತ ಶಮನಕಾರಿ ನೋವಿನ ಮಾತ್ರೆಗಳು ಮೂತ್ರಪಿಂಡದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಡುತ್ತವೆ, ಬಿಪಿ ಇರುವವರಲ್ಲಿ ಒತ್ತಡವನ್ನು ಸರಾಸರಿ 5 ಮಿ.ಮೀ.ನಷ್ಟು ಏರಿಸುತ್ತವೆ, ಕೆಲವರಲ್ಲಿ ಅದಕ್ಕಿಂತ ಬಹಳ ಹೆಚ್ಚು; ಟೆಲ್ಮಿಸಾರ್ಟನ್‌ನಂಥ ಔಷಧಿಯ ಪರಿಣಾಮವನ್ನೂ ಮೊಂಡಾಗಿಸುತ್ತವೆ. ಅಂದರೆ ಏಪ್ರಿಲ್‌ನಲ್ಲಿ ನಾನು ಅಳೆದ 164, ಹದಗೆಟ್ಟ ಬಿಪಿ ಕಾಯಿಲೆಯ ಅಂಕಿಯಾಗಿರದೆ ಬಹುಮಟ್ಟಿಗೆ ಅಸೆಕ್ಲೋಫೆನಾಕ್‌ನ ಅಂಕಿಯಾಗಿತ್ತು. ನಿಲ್ಲಿಸಬೇಕಿದ್ದ ಔಷಧಿ ಉಳಿಯಿತು, ಅದರ ಅಡ್ಡಪರಿಣಾಮಕ್ಕೆ ಮತ್ತೊಂದು ಔಷಧಿ ಸೇರಿತು. ಅದಾಗಿ ಹದಿನೇಳು ದಿನಕ್ಕೆ ಭೇದಿ ಶುರುವಾದಾಗ, ಮೈಕೈ ನೋವೆಂದು ಗುಳಿಗೆ ದಿನಕ್ಕೆ ಮೂರಾಯಿತು. ತಪ್ಪಿಸಬೇಡಿ ಎಂದಿದ್ದೆನಾದ್ದರಿಂದ ವಾಂತಿಯಾಗುತ್ತಿದ್ದ ದಿನಗಳಲ್ಲೂ ಬಿಪಿ ಮಾತ್ರೆಯನ್ನು ನುಂಗಿದ್ದರು.

ಮೂತ್ರಪಿಂಡದೊಳಗೆ ನಡೆದದ್ದನ್ನು ಮಗನಿಗೆ ವಿವರಿಸುವಾಗ ಕೆರೆಯ ಹೋಲಿಕೆ ಕೊಟ್ಟೆ. ಆ ಹೋಲಿಕೆ ಇಲ್ಲಿಗೂ ಸಲ್ಲುತ್ತದೆ. ಕೆರೆಗೆ ನೀರು ತರುವ ಹಳ್ಳವೊಂದು, ನೀರು ಹೊರಬಿಡುವ ತೂಬೊಂದು. ಮೂತ್ರಪಿಂಡದ ಪ್ರತಿ ಸೋಸುಗಂಟಿಗೂ ಹೀಗೆಯೇ ಒಳಬರುವ ಮತ್ತು ಹೊರಹೋಗುವ ಕಿರುಧಮನಿಗಳಿವೆ. ನಡುವೆ ನಿಲ್ಲುವ ನೀರಿನ ಮಟ್ಟವೇ ಸೋಸಲು ಬೇಕಾದ ಒತ್ತಡ. ಬರ ಬಂದಾಗ, ಎಂದರೆ ದೇಹದ ನೀರು ಇಳಿದಾಗ, ಮೂತ್ರಪಿಂಡ ಎರಡು ಉಪಾಯ ಮಾಡುತ್ತದೆ: ಪ್ರೋಸ್ಟಗ್ಲಾಂಡಿನ್‌ಗಳ ನೆರವಿನಿಂದ ಹಳ್ಳವನ್ನು ಅಗಲವಾಗಿ ತೆರೆದಿಡುತ್ತದೆ, ಆ್ಯಂಜಿಯೋಟೆನ್ಸಿನ್‌ನ ನೆರವಿನಿಂದ ತೂಬನ್ನು ಬಿಗಿ ಮಾಡುತ್ತದೆ. ಅಸೆಕ್ಲೋಫೆನಾಕ್ ಪ್ರೋಸ್ಟಗ್ಲಾಂಡಿನ್ ತಯಾರಾಗದಂತೆ ತಡೆದು ಹಳ್ಳವನ್ನು ಕಿರಿದು ಮಾಡಿತು. ಟೆಲ್ಮಿಸಾರ್ಟನ್ ಆ್ಯಂಜಿಯೋಟೆನ್ಸಿನ್‌ನ ಕೈಕಟ್ಟಿ ತೂಬನ್ನು ತೆರೆದಿಟ್ಟಿತು. ಮೂತ್ರವರ್ಧಕ ಮತ್ತು ಭೇದಿ ಸೇರಿ ಜಲಾನಯನವನ್ನೇ ಒಣಗಿಸಿದವು. ಮಟ್ಟ ಕುಸಿಯಿತು, ಸೋಸುವಿಕೆ ನಿಂತಿತು. ವೈದ್ಯಕೀಯದಲ್ಲಿ ಇದಕ್ಕೆ ‘ಟ್ರಿಪಲ್ ವ್ಹ್ಯಾಮಿ’ ಎನ್ನುತ್ತಾರೆ, ಮೂರು ಕಡೆಯಿಂದ ಬೀಳುವ ಹೊಡೆತ. ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯಲ್ಲಿ 2000ದಲ್ಲಿ ಬಂದ ಪುಟ್ಟ ಲೇಖನವೊಂದರಿಂದ ಈ ಮಾತು ಬಳಕೆಗೆ ಬಂತು. 2013ರಲ್ಲಿ ಪ್ರಕಟವಾದ, ಬ್ರಿಟನ್ನಿನಲ್ಲಿ ಬಿಪಿ ಔಷಧಿ ಪಡೆಯುತ್ತಿದ್ದ 4,87,372 ಜನರ ದಾಖಲೆ ಆಧರಿಸಿದ ಅಧ್ಯಯನದಲ್ಲಿ ಈ ಮೂರೂ ಬಗೆಯ ಔಷಧಿ ಕೂಡಿದಾಗ ಹಠಾತ್ ಮೂತ್ರಪಿಂಡ ಹಾನಿಯ ಪ್ರಮಾಣ ಒಟ್ಟಾರೆ ಶೇ. 31ರಷ್ಟು, ಮೊದಲ ಮೂವತ್ತು ದಿನಗಳಲ್ಲಿ ಶೇ. 82ರಷ್ಟು ಹೆಚ್ಚಿದ್ದುದು ಕಂಡುಬಂತು. ಎರಡರ ಬದಲು ಒಂದೇ ಬಿಪಿ ಔಷಧಿ ಇದ್ದು ಅದಕ್ಕೆ ನೋವಿನ ಮಾತ್ರೆ ಸೇರಿದಾಗ ಆ ಹೆಚ್ಚಳ ಕಾಣಲಿಲ್ಲ. ನಮ್ಮ ರೋಗಿ ಎರಡು ತಿಂಗಳು ಟೆಲ್ಮಿಸಾರ್ಟನ್ ಮತ್ತು ಅಸೆಕ್ಲೋಫೆನಾಕ್ ಎರಡರ ನಡುವೆ ಹೇಗೋ ತಾಳಿಕೊಂಡಿದ್ದು, ಮೂರನೆಯದು ಸೇರಿದ ಇಪ್ಪತ್ತನೆಯ ದಿನಕ್ಕೆ ಕುಸಿದದ್ದು ಈ ಚಿತ್ರಕ್ಕೆ ಹೊಂದುತ್ತದೆ.

ಇಲ್ಲೊಂದು ಸಂಶಯ ಏಳುವುದು ಸಹಜ. ಹೈಡ್ರೋಕ್ಲೋರೋಥಯಾಜೈಡ್ ಪೊಟ್ಯಾಷಿಯಂ ಅನ್ನು ಮೂತ್ರದಲ್ಲಿ ಹೊರಹಾಕುವ ಔಷಧಿ. ಟೆಲ್ಮಿಸಾರ್ಟನ್ ಅದನ್ನು ಉಳಿಸುವ ಔಷಧಿ. ಎರಡನ್ನೂ ಒಂದೇ ಮಾತ್ರೆಯಲ್ಲಿ ಕೂಡಿಸಿದಾಗ ಪೊಟ್ಯಾಷಿಯಂ ಸಮತೋಲದಲ್ಲಿರುತ್ತದೆ ಎಂಬುದು ಈ ಜೋಡಣೆಯ ಒಂದು ಲಾಭವೆಂದೇ ನಾವು ಓದಿದ್ದೇವೆ. ಹಾಗಿದ್ದರೆ 6.6 ಹೇಗಾಯಿತು? ಆ ಸಮತೋಲ ಸೋಸುವಿಕೆ ನಡೆಯುತ್ತಿರುವಾಗ ಮಾತ್ರ. ಸೋಸುವಿಕೆ ಕುಸಿದ ಮೇಲೆ ಮೂತ್ರಪಿಂಡದೊಳಗಿನ ಕಿರುನಳಿಕೆಗಳ ಕೊನೆಯ ಭಾಗಕ್ಕೆ ಸೋಡಿಯಂ ತಲುಪುವುದಿಲ್ಲ, ಮೂತ್ರವರ್ಧಕಕ್ಕೆ ಕೆಲಸವೇ ಇರುವುದಿಲ್ಲ; ಅತ್ತ ಟೆಲ್ಮಿಸಾರ್ಟನ್ ಮತ್ತು ನೋವಿನ ಮಾತ್ರೆ ಎರಡೂ, ಪೊಟ್ಯಾಷಿಯಂ ಅನ್ನು ಹೊರಹಾಕಿಸುವ ಆಲ್ಡೋಸ್ಟೆರಾನ್ ಹಾರ್ಮೋನನ್ನು ತಗ್ಗಿಸುವುದರಿಂದ ಪೊಟ್ಯಾಷಿಯಂ ಒಳಗೇ ಉಳಿಯುತ್ತದೆ. ಟೆಲ್ಮಿಸಾರ್ಟನ್‌ನ ಅರ್ಧಾಯುಷ್ಯವೇ ಸುಮಾರು 24 ಗಂಟೆ, ಆದ್ದರಿಂದ ಇಂದು ನಿಲ್ಲಿಸಿದರೂ ಅದರ ಪರಿಣಾಮ ಇನ್ನೆರಡು ದಿನ ಇರುತ್ತದೆ.

ಇದಕ್ಕೆ ಸೇರಿಕೊಂಡದ್ದು ಎಳನೀರು. ತೋಟದ ಮನೆಯವರು, ಭೇದಿಯಾದಾಗ ದಿನಕ್ಕೆ ಮೂರು ನಾಲ್ಕು ಎಳನೀರು ಕೆತ್ತಿ ಕೊಟ್ಟಿದ್ದರು, ಪ್ರೀತಿಯಿಂದ ಮತ್ತು ಒಳ್ಳೆಯದೆಂದು ನಂಬಿ. ಎಳನೀರಿನ 100 ಮಿ.ಲೀ.ನಲ್ಲಿ ಸುಮಾರು 250 ಮಿ.ಗ್ರಾಂ. ಪೊಟ್ಯಾಷಿಯಂ ಇರುತ್ತದೆ, ಲೀಟರ್ ಲೆಕ್ಕಕ್ಕೆ ತಂದರೆ ಅದು ಓಆರ್‌ಎಸ್ ದ್ರಾವಣದಲ್ಲಿರುವುದಕ್ಕಿಂತ ಮೂರು ಪಟ್ಟು, ಭೇದಿಯಲ್ಲಿ ನಿಜವಾಗಿ ಬೇಕಾದ ಸೋಡಿಯಂ ಮಾತ್ರ ಓಆರ್‌ಎಸ್‌ಗಿಂತ ಕಡಿಮೆ. ಮೂತ್ರಪಿಂಡ ಚೆನ್ನಾಗಿರುವವರಿಗೆ ಇದರಿಂದ ತೊಂದರೆಯಿಲ್ಲ, ಹೆಚ್ಚಾದುದು ಮೂತ್ರದಲ್ಲಿ ಹೋಗುತ್ತದೆ. ಹೋಗುವ ದಾರಿ ಮುಚ್ಚಿದ್ದಾಗ ಕುಡಿದದ್ದು ಮಾತ್ರ ಸಮಸ್ಯೆ. ಎಳನೀರನ್ನು ಅಪರಾಧಿ ಮಾಡಲು ನನಗೆ ಮನಸ್ಸಿಲ್ಲ, ಆದರೆ ಇಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಭೇದಿಯಾದರೆ ಓಆರ್‌ಎಸ್ ಪುಡಿಯೇ ಸರಿ ಎಂದು ತೆಂಗಿನ ಸೀಮೆಯಲ್ಲಿದ್ದುಕೊಂಡೂ ಹೇಳಲೇಬೇಕು.

ಬೇರೆ ಸಾಧ್ಯತೆಗಳನ್ನೂ ನೋಡಿದೆವು. ಸ್ಕ್ಯಾನಿಂಗ್‌ನಲ್ಲಿ ಮೂತ್ರಪಿಂಡಗಳ ಗಾತ್ರ ಸರಿಯಿತ್ತು, ಕಲ್ಲಾಗಲಿ ಅಡೆತಡೆಯಾಗಲಿ ಇರಲಿಲ್ಲ. ಮೂತ್ರದಲ್ಲಿ ರಕ್ತಕಣಗಳಿರಲಿಲ್ಲ, ಪ್ರೋಟೀನ್ ಅತ್ಯಲ್ಪ. ನೋವಿನ ಮಾತ್ರೆಗಳಿಂದ ಕೆಲವೊಮ್ಮೆ ಆಗುವ ಮೂತ್ರಪಿಂಡದ ಉರಿಯೂತಕ್ಕೆ ಇದು ಹೊಂದುತ್ತಿರಲಿಲ್ಲ. ಜ್ವರವಿರಲಿಲ್ಲ.

ಚಿಕಿತ್ಸೆಯಲ್ಲಿ ಮೊದಲ ಕೆಲಸ ಹೃದಯವನ್ನು ಕಾಯುವುದು. ಇಸಿಜಿ ಕಂಡ ಕೂಡಲೇ, ವರದಿಗೆ ಕಾಯದೆ, ಶೇ. 10ರ ಕ್ಯಾಲ್ಸಿಯಂ ಗ್ಲುಕೋನೇಟ್ 10 ಮಿ.ಲೀ. ಅನ್ನು ಮಾನಿಟರ್ ನೋಡಿಕೊಂಡು ನಿಧಾನವಾಗಿ ನರಕ್ಕೆ ಕೊಟ್ಟೆವು; ಹತ್ತು ನಿಮಿಷದ ಇಸಿಜಿಯಲ್ಲಿ ಟಿ ಅಲೆಗಳು ತಗ್ಗಿದ್ದವು. ಕ್ಯಾಲ್ಸಿಯಂ ಪೊಟ್ಯಾಷಿಯಂ ಅನ್ನು ಇಳಿಸುವುದಿಲ್ಲ, ಹೃದಯಕ್ಕೆ ಒಂದಿಷ್ಟು ಹೊತ್ತು ರಕ್ಷಣೆ ಕೊಡುತ್ತದೆ ಅಷ್ಟೇ. ಇಳಿಸಲು ಇನ್ಸುಲಿನ್ 10 ಯೂನಿಟ್, ಜೊತೆಗೆ 25 ಗ್ರಾಂ ಗ್ಲೂಕೋಸ್, ಮತ್ತು ಸಾಲ್ಬುಟಮಾಲ್ ನೆಬುಲೈಸೇಶನ್. ಮೂತ್ರಪಿಂಡ ಸೋತಿರುವಾಗ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಮುಂದಿನ ಆರು ಗಂಟೆ ಗಂಟೆಗೊಮ್ಮೆ ಸಕ್ಕರೆ ನೋಡಿದೆವು; ಒಮ್ಮೆ 68ಕ್ಕೆ ಇಳಿದಾಗ ಮತ್ತೆ ಗ್ಲೂಕೋಸ್ ಕೊಡಬೇಕಾಯಿತು. ಸೋಡಿಯಂ ಅನ್ನು ಅವಸರದಿಂದ ಏರಿಸಬಾರದೆಂಬ ಎಚ್ಚರದಲ್ಲಿ ದ್ರವವನ್ನು ಅಳೆದು ಕೊಟ್ಟೆವು, ಮೊದಲ ದಿನ ಸುಮಾರು ಎರಡೂವರೆ ಲೀಟರ್. ಬಿಪಿ ಮಾತ್ರೆ, ನೋವಿನ ಮಾತ್ರೆ, ಮೆಟ್‌ಫಾರ್ಮಿನ್ ಮೂರೂ ನಿಂತವು. ಸೋಸುವ ಶಕ್ತಿ 30ಕ್ಕಿಂತ ಕೆಳಗಿಳಿದಾಗ ಮೆಟ್‌ಫಾರ್ಮಿನ್ ದೇಹದಲ್ಲಿ ಶೇಖರಗೊಂಡು ಲ್ಯಾಕ್ಟಿಕ್ ಆಮ್ಲವನ್ನು ಏರಿಸಬಲ್ಲದು. ತುಮಕೂರಿನ ಮೂತ್ರಪಿಂಡ ತಜ್ಞರೊಬ್ಬರಿಗೆ ಫೋನ್ ಮಾಡಿ, ಆರು ಗಂಟೆಯಲ್ಲಿ ಮೂತ್ರ ಬರದಿದ್ದರೆ ಅಥವಾ ಪೊಟ್ಯಾಷಿಯಂ ಇಳಿಯದಿದ್ದರೆ ಡಯಾಲಿಸಿಸ್‌ಗೆ ಕಳುಹಿಸುವುದೆಂದು ಮಾತಾಡಿಕೊಂಡು ಆ್ಯಂಬುಲೆನ್ಸ್ ನಿಲ್ಲಿಸಿಕೊಂಡೆವು.

ಮೊದಲ ಗಂಟೆಯಲ್ಲಿ ಚೀಲಕ್ಕೆ ಬಂದ ಮೂತ್ರ 15 ಮಿ.ಲೀ. ಮೂರನೆಯ ಗಂಟೆಯಲ್ಲಿ 30. ಸಂಜೆ ಐದಕ್ಕೆ ನೋಡಿದಾಗ ಗಂಟೆಗೆ 50 ಬರುತ್ತಿತ್ತು, ಪೊಟ್ಯಾಷಿಯಂ 5.5ಕ್ಕೆ ಇಳಿದಿತ್ತು. ಆ್ಯಂಬುಲೆನ್ಸನ್ನು ವಾಪಸು ಕಳುಹಿಸಿದೆವು. ಎರಡನೆಯ ದಿನ ಕ್ರಿಯಾಟಿನಿನ್ 3.1, ನಾಲ್ಕನೆಯ ದಿನ 1.9, ಏಳನೆಯ ದಿನ ಮನೆಗೆ ಹೊರಟಾಗ 1.3. ಕಾರಣವನ್ನು ತೆಗೆದರೆ ಈ ಬಗೆಯ ಹಾನಿ ಹೀಗೆ ತಿರುಗಿ ಬರುತ್ತದೆ. ಇನ್ನೂ ಒಂದೆರಡು ದಿನ ತಡವಾಗಿದ್ದರೆ ಬರುತ್ತಿತ್ತೆಂದು ಹೇಳಲಾರೆ.

ಮುಂದಿನ ಪ್ರಶ್ನೆ ಬಿಪಿಗೆ ಏನು ಕೊಡುವುದೆಂಬುದು. ಮನೆಯವರು "ಆ ಮಾತ್ರೆ ಇನ್ಮೇಲೆ ಬೇಡವೇ ಬೇಡ ಸಾರ್" ಎಂದರು. ಅವರ ಭಯ ಅರ್ಥವಾಗುವಂಥದ್ದು, ಆದರೆ ಟೆಲ್ಮಿಸಾರ್ಟನ್ ಅನ್ನು ಶಾಶ್ವತವಾಗಿ ಬಿಡುವುದು ಆಕೆಗೆ ಅನ್ಯಾಯವಾಗುತ್ತಿತ್ತು. ಸಕ್ಕರೆ ಕಾಯಿಲೆಯಿರುವ ಆಕೆಯ ಮೂತ್ರದಲ್ಲಿ ಆಲ್ಬುಮಿನ್ ಸೋರಿಕೆಯಿದ್ದುದು ಮೂರನೆಯ ವಾರದ ಪರೀಕ್ಷೆಯಲ್ಲಿ ಗೊತ್ತಾಯಿತು, ಮತ್ತು ಅಂಥವರ ಮೂತ್ರಪಿಂಡವನ್ನು ವರ್ಷಗಟ್ಟಲೆ ಕಾಯುವುದು ಇದೇ ಗುಂಪಿನ ಔಷಧಿ. ಮೊದಲು ಆ್ಯಮ್ಲೋಡಿಪಿನ್ 5 ಮಿ.ಗ್ರಾಂ. ಕೊಟ್ಟೆ. ಕ್ರಿಯಾಟಿನಿನ್ ಸ್ಥಿರವಾದ ಮೇಲೆ ಟೆಲ್ಮಿಸಾರ್ಟನ್ 40 ಅನ್ನು ಪ್ರತ್ಯೇಕ ಮಾತ್ರೆಯಾಗಿ ಸೇರಿಸಿ, ಹತ್ತು ದಿನಕ್ಕೆ ಕ್ರಿಯಾಟಿನಿನ್ ಮತ್ತು ಪೊಟ್ಯಾಷಿಯಂ ಎರಡನ್ನೂ ನೋಡಿದೆ. ಈ ಔಷಧಿ ಶುರುಮಾಡಿದಾಗ ಕ್ರಿಯಾಟಿನಿನ್ ಶೇ. 30ರವರೆಗೆ ಏರಿದರೆ ಸಹಿಸಬಹುದು. ಆಕೆಯಲ್ಲಿ ಬಹುತೇಕ ಏರಲೇ ಇಲ್ಲ. ಮೂತ್ರವರ್ಧಕವನ್ನು ಮತ್ತೆ ಕೊಡಲಿಲ್ಲ, ಬೇಕಾಗಲೂ ಇಲ್ಲ.

ಮಂಡಿನೋವು ಮಾತ್ರ ಹೋಗಿರಲಿಲ್ಲ. ನೋವಿಗೆ ದಾರಿ ತೋರಿಸದೆ "ನೋವಿನ ಮಾತ್ರೆ ಬೇಡ" ಎಂದು ಚೀಟಿಯಲ್ಲಿ ಬರೆದರೆ ಆಕೆ ಇನ್ನೊಂದು ಅಂಗಡಿಗೆ ಹೋಗುತ್ತಾರೆ, ಅದು ಅವರ ತಪ್ಪಲ್ಲ. ಹಚ್ಚುವ ಡೈಕ್ಲೋಫೆನಾಕ್ ಜೆಲ್, ಅದರಲ್ಲಿ ರಕ್ತಕ್ಕೆ ಸೇರುವ ಪಾಲು ಬಹಳ ಕಡಿಮೆ. ಬೇಕಾದ ದಿನ ಮಾತ್ರ ಪ್ಯಾರಾಸಿಟಮಾಲ್ 500. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ. ಕುಕ್ಕರುಗಾಲಲ್ಲಿ ಕೂತು ಮಾಡುತ್ತಿದ್ದ ಕೆಲಸಗಳಿಗೆ ಒಂದು ಎತ್ತರದ ಮಣೆ. ಪ್ಯಾರಾಸಿಟಮಾಲ್ ಕೂಡ ದಿನಕ್ಕೆ 4 ಗ್ರಾಂನಂತೆ ಬಿಡದೆ ನುಂಗಿದರೆ ಬಿಪಿಯನ್ನು ಸುಮಾರು 5 ಮಿ.ಮೀ. ಏರಿಸುತ್ತದೆಂದು ಎಡಿನ್‌ಬರೋದಲ್ಲಿ 110 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ, ಆದ್ದರಿಂದಲೇ ‘ಬೇಕಾದ ದಿನ ಮಾತ್ರ’ ಎಂಬುದನ್ನು ಒತ್ತಿ ಹೇಳಿದೆ.

ಚೀಟಿಯ ಹಿಂಬದಿಯಲ್ಲಿ ಮಗನ ಕೈಯಲ್ಲೇ ಕನ್ನಡದಲ್ಲಿ ಬರೆಸಿದ್ದು ಹೀಗಿದೆ: ವಾಂತಿ, ಭೇದಿ, ಊಟ ಸೇರದ ಜ್ವರ ಬಂದ ದಿನ ಟೆಲ್ಮಿಸಾರ್ಟನ್ ಮತ್ತು ಮೆಟ್‌ಫಾರ್ಮಿನ್ ನಿಲ್ಲಿಸಿ ನಮಗೆ ಫೋನ್ ಮಾಡುವುದು, ಊಟ ನೀರು ಸರಿಯಾಗಿ ಸೇರಿ ಒಂದೆರಡು ದಿನವಾದ ಮೇಲೆ ಮತ್ತೆ ಶುರುಮಾಡುವುದು. ಪೊಟ್ಯಾಷಿಯಂ ಬೆರೆತ ‘ಕಡಿಮೆ ಸೋಡಿಯಂ ಉಪ್ಪು’ ಬೇಡ. ಬಿಪಿಯಿರುವ ಬಹಳ ಜನರಿಗೆ ಅದು ಒಳ್ಳೆಯದೇ, ಆದರೆ ಮೂತ್ರಪಿಂಡ ಒಮ್ಮೆ ಹೀಗೆ ಸೋತಿರುವ ಆಕೆಗಲ್ಲ. ಬೇರೆ ಯಾವ ವೈದ್ಯರ ಬಳಿ ಹೋದರೂ ಈ ಚೀಟಿ ತೋರಿಸುವುದು. ಕೊನೆಯದನ್ನು ಸೇರಿಸಲು ಕಾರಣವಿದೆ. ಉರಿಮೂತ್ರಕ್ಕೆ ಸಲೀಸಾಗಿ ಬರೆಯುವ ಕೋಟ್ರೈಮಾಕ್ಸಜೋಲ್ ಟೆಲ್ಮಿಸಾರ್ಟನ್ ಜೊತೆ ಸೇರಿದರೆ ಕೆಲವೇ ದಿನಗಳಲ್ಲಿ ಪೊಟ್ಯಾಷಿಯಂ ಏರಬಹುದು, ಮತ್ತು ಕೆಮ್ಮು ಕಫಕ್ಕೆ ಕೊಡುವ ಕ್ಲಾರಿಥ್ರೋಮೈಸಿನ್ ಆ್ಯಮ್ಲೋಡಿಪಿನ್‌ನ ಮಟ್ಟವನ್ನು ಏರಿಸಿ ಒತ್ತಡವನ್ನು ಕುಸಿಸಬಹುದು.

ಆರು ವಾರಕ್ಕೆ ಆಕೆ ನಡೆದುಕೊಂಡೇ ಬಂದರು. ಒತ್ತಡ 132/80, ಕ್ರಿಯಾಟಿನಿನ್ 1.0, ಪೊಟ್ಯಾಷಿಯಂ 4.6. ಹೇಳಿದ್ದಂತೆ ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಅದೇ ಪ್ಲಾಸ್ಟಿಕ್ ಚೀಲದಲ್ಲಿ ತಂದು ಮೇಜಿನ ಮೇಲೆ ಸುರಿದರು. ಅವುಗಳ ನಡುವೆ ‘ಎಚ್’ ಇರುವ ಹಳೆಯ ಸ್ಟ್ರಿಪ್ಪೂ ಇತ್ತು. ಹದಿನೈದರಲ್ಲಿ ಐದು ಮುಗಿದು ಹತ್ತು ಉಳಿದಿದ್ದವು. "ದುಡ್ಡು ಕೊಟ್ಟು ತಂದಿದ್ದಲ್ವಾ ಸಾರ್, ಬಿಸಾಕೋಕೆ ಮನಸ್ಸು ಬರಲಿಲ್ಲ" ಎಂದರು. ಅವರ ಒಪ್ಪಿಗೆ ಪಡೆದು ಆ ಹತ್ತನ್ನೂ ತೆಗೆದಿರಿಸಿಕೊಂಡೆ, ಹೊಸ ಎರಡು ಸ್ಟ್ರಿಪ್‌ಗಳ ಮೇಲಿನ ಹೆಸರನ್ನು ಕೊನೆಯ ಅಕ್ಷರದವರೆಗೆ ಮಗನಿಂದ ಗಟ್ಟಿಯಾಗಿ ಓದಿಸಿದೆ, ಮೂರು ತಿಂಗಳಿಗೆ ಮತ್ತೆ ರಕ್ತಪರೀಕ್ಷೆಯ ದಿನ ಬರೆದುಕೊಟ್ಟೆ.